ಹೋಬಳಿಗೊಂದು ವೇರಿಯಬಲ್ ಬೇಕು: ಲೂಪ್ ಒಳಗೇ ಹೆಸರು ಹುಟ್ಟಿಸುವುದು ಹೇಗೆ?

ತುಂಗಾತೀರ:
ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಲ್ಲಿ ಒಂದು ಪ್ರಶ್ನೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಈ ನಾಲ್ಕು ತಾಲ್ಲೂಕುಗಳ ಹೋಬಳಿವಾರು ದಿನದ ಮಳೆ ಲೆಕ್ಕ ನನ್ನ ಬಳಿ ಇದೆ. ತಾಲ್ಲೂಕಿಗೊಂದು ಫೋಲ್ಡರ್, ಅದರೊಳಗೆ ಹೋಬಳಿಗೊಂದು ಸಿಎಸ್‌ವಿ ಕಡತ. ಪ್ರತಿ ಕಡತವನ್ನು ಓದಿ ಮಳೆ_ಆಗುಂಬೆ, ಮಳೆ_ಮಂಡಗದ್ದೆ, ಮಳೆ_ತಾಳಗುಪ್ಪ ಎಂದು ಆಯಾ ಹೋಬಳಿಯ ಹೆಸರಿನ ವೇರಿಯಬಲ್‌ನಲ್ಲಿ ಪಟ್ಟಿಯನ್ನು ಇಡಬೇಕು. ಒಂದೊಂದನ್ನೂ ಕೈಯಾರೆ ಬರೆಯುವ ಬದಲು, ಕಡತದ ಹೆಸರಿನಿಂದ ವೇರಿಯಬಲ್ ಹೆಸರನ್ನು ಕಟ್ಟಿ, ಅಕ್ಷರಗಳಲ್ಲಿ ಕೊಟ್ಟದ್ದನ್ನು ಕೋಡ್ ಆಗಿ ಓಡಿಸುವ ಎಕ್ಸೆಕ್‌ಗೆ ಕೊಡುತ್ತಿದ್ದೇನೆ. ಆಮೇಲೆ ಫಂಕ್ಷನ್ ಒಳಗಿನ ವೇರಿಯಬಲ್‌ಗಳನ್ನು ತೋರಿಸುವ ಲೋಕಲ್ಸ್ ಕೋಷ್ಟಕದಿಂದ ಆ ಹೆಸರು ಹಿಡಿದು ಓದುತ್ತೇನೆ. ಇಷ್ಟೆಲ್ಲ ನಡೆಯುವುದು ಒಂದು ಫಂಕ್ಷನ್ ಒಳಗೆ.

ಎರಡು ತೊಂದರೆಗಳಿವೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ 3.10 ಇತ್ತು, ಅಲ್ಲಿ ಸಲೀಸಾಗಿ ಓಡುತ್ತಿತ್ತು. ಹೊಸದರಲ್ಲಿ 3.13 ಇದೆ, ಅದೇ ಕೋಡ್ ಕೀಎರರ್ (ಆ ಹೆಸರು ಕೋಷ್ಟಕದಲ್ಲಿ ಇಲ್ಲ ಎಂಬ ದೋಷ) ಕೊಟ್ಟು ನಿಲ್ಲುತ್ತದೆ. ಇನ್ನೊಂದು: ಹಳೆಯದರಲ್ಲಿ ಓಡಿದಾಗಲೂ ಎಣಿಸಿ ನೋಡಿದರೆ ಕಡತಗಳಿಗಿಂತ ವೇರಿಯಬಲ್‌ಗಳು ಸರಿಯಾಗಿ ಮೂರು ಕಡಿಮೆ ಇರುತ್ತವೆ. ಯಾವ ದೋಷದ ಸಂದೇಶವೂ ಇಲ್ಲ.

ರಾತ್ರಿಪಾಳಿ:
ಡಿಕ್ಷನರಿ ಬಳಸಿ. ಈ ಪ್ರಶ್ನೆಗೆ ಬೇರೆ ಉತ್ತರವಿಲ್ಲ.

ತುಂಗಾತೀರ:
ಡಿಕ್ಷನರಿ ಎಂದರೇನೆಂದು ಗೊತ್ತು: ಕೀ ಕೊಟ್ಟರೆ ಅದರ ಬೆಲೆ ಸಿಗುವ ಸಂಗ್ರಹ. ಓಡುತ್ತಿದ್ದ ಕೋಡ್ ಏಕೆ ನಿಂತಿತು ಎಂಬುದು ಪ್ರಶ್ನೆ. ಭಾಷೆಯೇ ಎಕ್ಸೆಕ್ ಕೊಟ್ಟಿರುವಾಗ ಬಳಸಿದ್ದು ಅಪರಾಧವೆಂಬಂತೆ ಉತ್ತರಿಸಿದರೆ ಕಲಿಯುವುದು ಹೇಗೆ?

ಬೈಟ್‌ಕೋಡ್ ಓದುಗ:
ಪ್ರಶ್ನೆ ನ್ಯಾಯವಾದದ್ದೇ. ಮೊದಲನೆಯ ತೊಂದರೆಗೆ ಕಾರಣ ಹೇಳುತ್ತೇನೆ.

ಪೈಥಾನ್ ಒಂದು ಫಂಕ್ಷನ್ನನ್ನು ಓಡಿಸುವ ಮೊದಲೇ ಇಡಿಯಾಗಿ ಓದಿ, ಅದರೊಳಗೆ ಯಾವ ಹೆಸರುಗಳಿಗೆ ಬೆಲೆ ಕೊಡಲಾಗುತ್ತಿದೆ ಎಂದು ಪಟ್ಟಿ ಮಾಡಿಕೊಳ್ಳುತ್ತದೆ. ಆ ಪಟ್ಟಿಯಲ್ಲಿರುವುದಷ್ಟೇ ಒಳಗಿನ ವೇರಿಯಬಲ್. ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ, ಒಂದು ಗೂಡು. ಓಡುವ ಹೊತ್ತಿಗೆ ಹೆಸರಿನಿಂದ ಹುಡುಕಾಟವೇ ಇಲ್ಲ. ಇಷ್ಟನೇ ಗೂಡಿನಿಂದ ತೆಗೆ, ಇಷ್ಟನೇ ಗೂಡಿನಲ್ಲಿ ಇಡು, ಅಷ್ಟೇ. ಡಿಸ್ ಎಂಬ ಮಾಡ್ಯೂಲ್‌ನಿಂದ ಯಾವುದಾದರೂ ಫಂಕ್ಷನ್ನನ್ನು ಬಿಡಿಸಿ ನೋಡಿ, ಲೋಡ್_ಫಾಸ್ಟ್ ಎಂಬ ಆಜ್ಞೆಗಳು ಕಾಣುತ್ತವೆ. ಪಟ್ಟಿಯಲ್ಲಿ ಇಲ್ಲದ ಹೆಸರು ಕಂಡರೆ ಅದು ಹೊರಗಿನದೆಂದು ತೀರ್ಮಾನಿಸಿ ಲೋಡ್_ಗ್ಲೋಬಲ್ ಹಾಕುತ್ತದೆ.

ನೀವು ಎಕ್ಸೆಕ್‌ಗೆ ಕೊಡುವುದು ಒಂದು ಸ್ಟ್ರಿಂಗ್, ಅಂದರೆ ಬರಿಯ ಅಕ್ಷರಗಳ ಸರ. ಅದರೊಳಗೆ ಏನಿದೆ ಎಂದು ಕಂಪೈಲರ್‌ಗೆ ಮೊದಲೇ ತಿಳಿಯುವುದಿಲ್ಲ. ಹಾಗಾಗಿ ಮಳೆ_ಆಗುಂಬೆಗೆ ಗೂಡೇ ಮೀಸಲಾಗಿರುವುದಿಲ್ಲ. ಎಕ್ಸೆಕ್ ಆದ ಮೇಲಿನ ಸಾಲಿನಲ್ಲಿ ನೇರವಾಗಿ ಮಳೆ_ಆಗುಂಬೆ ಎಂದು ಬರೆದಿದ್ದರೆ 3.10ರಲ್ಲಿಯೂ ನೇಮ್‌ಎರರ್ ಬರುತ್ತಿತ್ತು. ನೀವು ಬಚಾವಾದದ್ದು ಲೋಕಲ್ಸ್ ಮೂಲಕ ಓದಿದ್ದರಿಂದ. 3.12ರವರೆಗೆ ಒಂದು ಫಂಕ್ಷನ್ ಒಳಗೆ ಲೋಕಲ್ಸ್ ಅನ್ನು ಎಷ್ಟು ಸಲ ಕರೆದರೂ ಅದೇ ಒಂದು ಡಿಕ್ಷನರಿ ಸಿಗುತ್ತಿತ್ತು. ಎಕ್ಸೆಕ್ ತನ್ನ ಹೊಸ ಹೆಸರುಗಳನ್ನು ಅದರಲ್ಲೇ ಬಿಟ್ಟು ಹೋಗುತ್ತಿತ್ತು, ನೀವು ಹೋಗಿ ಎತ್ತಿಕೊಳ್ಳುತ್ತಿದ್ದಿರಿ. 2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ ಇದು ಬದಲಾಯಿತು. ಈಗ ಪ್ರತಿ ಕರೆಗೂ ಆ ಕ್ಷಣದ ಪ್ರತ್ಯೇಕ ನಕಲು ಸಿಗುತ್ತದೆ. ಎಕ್ಸೆಕ್ ಬರೆದದ್ದು ತನ್ನ ನಕಲಿನಲ್ಲಿ, ನೀವು ಓದುತ್ತಿರುವುದು ಬೇರೊಂದು ನಕಲನ್ನು. ಅದಕ್ಕೇ ಕೀಎರರ್.

ಎಕ್ಸೆಕ್ ಬೇಕೇಬೇಕು ಎಂದರೆ ನಿಮ್ಮದೇ ಒಂದು ಖಾಲಿ ಡಿಕ್ಷನರಿಯನ್ನು ಅದರ ಎರಡನೆಯ ಆರ್ಗ್ಯುಮೆಂಟ್ ಆಗಿ ಕೊಡಿ. ಹೆಸರುಗಳೆಲ್ಲ ಅದರಲ್ಲಿ ಬಂದು ಕೂರುತ್ತವೆ, ಯಾವ ಆವೃತ್ತಿಯಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಅಲ್ಲಿಗೆ ನಿಮ್ಮ ಕೈಯಲ್ಲಿ ಡಿಕ್ಷನರಿ ಬಂದೇ ಬಿಟ್ಟಿತಲ್ಲ.

ರಾತ್ರಿಪಾಳಿ:
ನಾನು ಹೇಳಿದ್ದೂ ಅದನ್ನೇ, ನಾಲ್ಕು ಪ್ಯಾರಾ ಉಳಿಸಿದ್ದೆ.

ಪಹಣಿ:
ಎರಡನೆಯ ತೊಂದರೆಗೆ ಪೈಥಾನ್ ಬರಬೇಕಾಗಿಲ್ಲ, ಕಂದಾಯ ಇಲಾಖೆಯ ನಕ್ಷೆ ನೋಡಿದ್ದರೆ ಸಾಕು. ನಾಲ್ಕು ತಾಲ್ಲೂಕುಗಳಲ್ಲಿಯೂ ಕಸಬಾ ಎಂಬ ಹೋಬಳಿ ಇದೆ. ತಾಲ್ಲೂಕು ಕೇಂದ್ರ ಇರುವ ಹೋಬಳಿಗೆ ಸಾಮಾನ್ಯವಾಗಿ ಇಡುವ ಹೆಸರೇ ಅದು. ನೀವು ಕಡತದ ಹೆಸರನ್ನು ಮಾತ್ರ ತೆಗೆದುಕೊಂಡಿದ್ದೀರಿ, ಫೋಲ್ಡರ್ ಹೆಸರನ್ನು ಬಿಟ್ಟಿದ್ದೀರಿ. ನಾಲ್ಕು ಕಡತಗಳಿಗೂ ಮಳೆ_ಕಸಬಾ ಎಂಬ ಒಂದೇ ಹೆಸರು. ಒಂದರ ಮೇಲೊಂದು ಬರೆದು ಮೂರು ಅಳಿಸಿಹೋಗಿವೆ, ಕೊನೆಗೆ ಓದಿದ ತಾಲ್ಲೂಕಿನದು ಮಾತ್ರ ಉಳಿದಿದೆ. ಸರ್ವೆ ನಂಬರ್ ಒಂದನ್ನೇ ಹೇಳಿ ಪಹಣಿ ಕೇಳಿದರೆ ಯಾವ ನಾಡಕಚೇರಿಯಲ್ಲಿಯೂ ಕೊಡುವುದಿಲ್ಲ. ಗ್ರಾಮ, ಹೋಬಳಿ, ತಾಲ್ಲೂಕು ಎಲ್ಲ ಬೇಕು.

ತುಂಗಾತೀರ:
ಹೌದು, ಉಳಿದಿದ್ದದ್ದು ಹೊಸನಗರದ ಕಸಬಾ! ಹಾಗಾದರೆ ಮಳೆ_ಹೊಸನಗರ_ಕಸಬಾ ಎಂದು ಹೆಸರು ಉದ್ದ ಮಾಡಿದರೆ ಸಾಕಲ್ಲವೇ?

ಅಂಕಿಅಂಶ:
ಸಾಕಾಗಬಹುದು, ಆದರೆ ನೀವು ಮಾಡುತ್ತಿರುವುದೇನು ನೋಡಿ. ತಾಲ್ಲೂಕು, ಹೋಬಳಿ ಎರಡೂ ನಿಮ್ಮ ದತ್ತಾಂಶದ ಭಾಗ. ಅವನ್ನು ತೆಗೆದು ವೇರಿಯಬಲ್ ಹೆಸರಿನೊಳಗೆ ಅಂಟಿಸುತ್ತಿದ್ದೀರಿ. ನಾಳೆ ಸಾಗರ ತಾಲ್ಲೂಕಿನ ಹೋಬಳಿಗಳ ಸರಾಸರಿ ಬೇಕಾದಾಗ ಅದೇ ಹೆಸರನ್ನು ಅಡಿಗೆರೆಯಲ್ಲಿ ಕತ್ತರಿಸಿ ಮತ್ತೆ ಹೊರಗೆ ತೆಗೆಯುತ್ತೀರಿ. ಯಾರಾದರೂ ಕಡತಕ್ಕೆ ಹೆಸರಿಡುವಾಗ ತಾವೂ ಒಂದು ಅಡಿಗೆರೆ ಸೇರಿಸಿದರೆ ಲೆಕ್ಕ ತಪ್ಪಿತು.

ಇದರ ಬದಲು:

ಮಳೆ = {}
ಮಳೆ["ಹೊಸನಗರ", "ಕಸಬಾ"] = ಪಟ್ಟಿ
ಮಳೆ["ಸಾಗರ", "ಕಸಬಾ"] = ಇನ್ನೊಂದು_ಪಟ್ಟಿ

ಈ ಮೂರು ಸಾಲುಗಳು ಇದ್ದ ಹಾಗೆಯೇ ಪೈಥಾನ್‌ನಲ್ಲಿ ಸರಿಯಾದ ವಾಕ್ಯಗಳು, ಒಂದೂ ಇಂಗ್ಲಿಷ್ ಅಕ್ಷರ ಬೇಕಾಗಿಲ್ಲ. ಅಲ್ಪವಿರಾಮದಿಂದ ಬೇರ್ಪಡಿಸಿದ ಎರಡು ಪದಗಳು ಸೇರಿ ಒಂದು ಟ್ಯೂಪಲ್, ಅದೇ ಕೀ. ಯಾವಾಗ ಬೇಕಾದರೂ ಬಿಡಿಸಿ ತಾಲ್ಲೂಕನ್ನೂ ಹೋಬಳಿಯನ್ನೂ ಬೇರೆ ಬೇರೆಯಾಗಿ ಪಡೆಯಬಹುದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪಾಂಡಾಸ್ ಎಂಬ ದತ್ತಾಂಶ ಲೈಬ್ರರಿ ಬಳಸುವುದಾದರೆ ಕಡತಗಳನ್ನೆಲ್ಲ ಒಂದೇ ಕೋಷ್ಟಕವಾಗಿ ಜೋಡಿಸಿ. ತಾಲ್ಲೂಕು, ಹೋಬಳಿ, ದಿನಾಂಕ, ಮಿ.ಮೀ. ಎಂದು ನಾಲ್ಕು ಕಾಲಂ ಇರಲಿ. ಗ್ರೂಪ್‌ಬೈ ಮಾಡಿದರೆ ತಾಲ್ಲೂಕುವಾರು, ಹೋಬಳಿವಾರು, ತಿಂಗಳುವಾರು ಹೇಗೆ ಬೇಕಾದರೂ ಮೊತ್ತ ಸಿಗುತ್ತದೆ. ಮಳೆಯಂತಹ ದತ್ತಾಂಶಕ್ಕೆ ನನ್ನ ಮಟ್ಟಿಗೆ ಇದೇ ಸರಿಯಾದ ಆಕಾರ. ಡಿಕ್ಷನರಿ ಎರಡನೆಯ ಆಯ್ಕೆ.

ಆರ್ ಭಾಷೆಯಿಂದ ಬಂದವರಲ್ಲಿ ಈ ಗೀಳು ಹೆಚ್ಚು. ಅಲ್ಲಿ ಅಸೈನ್ ಎಂಬ ಫಂಕ್ಷನ್‌ಗೆ ಹೆಸರು, ಬೆಲೆ ಕೊಟ್ಟರೆ ವೇರಿಯಬಲ್ ಹುಟ್ಟುತ್ತದೆ, ಗೆಟ್ ಎಂದರೆ ವಾಪಸ್ ಬರುತ್ತದೆ. ಪಟ್ಟಿಯ ಪ್ರತಿಯೊಂದಕ್ಕೂ ಒಂದೇ ಫಂಕ್ಷನ್ ಓಡಿಸುವ ಲ್ಯಾಪ್ಲೈ ಕಲಿಯುವ ತನಕ ಎಲ್ಲರೂ ಇದರಲ್ಲೇ ಸುತ್ತುತ್ತಾರೆ.

ಡಾಟ್ ಪ್ರಾಂಪ್ಟ್:
ಇಲ್ಲಿರುವ ಹುಡುಗರು ಇದನ್ನು ಗೀಳು, ಕೆಟ್ಟ ಚಾಳಿ ಎಂದು ಮಾತನಾಡುತ್ತಿರುವುದು ನೋಡಿ ಎರಡು ಮಾತು ಬರೆಯಬೇಕೆನಿಸಿತು. ಇದು ಹುಟ್ಟಿದ್ದು ಸೋಮಾರಿತನದಿಂದಲ್ಲ.

ಹಳೆಯ ಡೇಟಾಬೇಸ್ ತಂತ್ರಾಂಶ ಡಿಬೇಸ್ 3 ಪ್ಲಸ್ ಕಾಲದ ಕೆಲಸಗಾರ ನಾನು. ಆ ಭಾಷೆಯಲ್ಲಿ ಒಂದೇ ಹೆಸರಿನಡಿ ಹಲವು ಬೆಲೆ ಇಡುವ ಅರೇ ಎಂಬುದೇ ಇರಲಿಲ್ಲ. ಮೂವತ್ತು ನೌಕರರ ಸಂಬಳ ಮೆಮೊರಿಯಲ್ಲಿ ಬೇಕೆಂದರೆ ಎಂ1, ಎಂ2, ಎಂ3 ಎಂದು ಮೂವತ್ತು ವೇರಿಯಬಲ್‌ಗಳನ್ನೇ ಮಾಡಬೇಕಿತ್ತು. ಅದಕ್ಕೆ ಆಂಪರ್‌ಸ್ಯಾಂಡ್ ಚಿಹ್ನೆಯ ಮ್ಯಾಕ್ರೋ ಇತ್ತು: ಕೌಂಟರ್‌ನ ಬೆಲೆಯನ್ನು ಅಕ್ಷರಕ್ಕೆ ಬದಲಿಸಿ, ಎಂ ಪಕ್ಕದಲ್ಲಿ ಮ್ಯಾಕ್ರೋ ಹಾಕಿದರೆ ಆ ಸಾಲು ಓಡುವ ಕ್ಷಣದಲ್ಲಿ ಎಂ17 ಆಗಿಬಿಡುತ್ತಿತ್ತು. ಕೆಲಸ ಮುಗಿದ ಮೇಲೆ ರಿಲೀಸ್ ಆಲ್ ಲೈಕ್ ಎಂ* ಎಂದು ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಒರೆಸಿಹಾಕುತ್ತಿದ್ದೆವು. ಒಟ್ಟು 256 ವೇರಿಯಬಲ್‌ಗಳ ಮಿತಿ ಇದ್ದುದರಿಂದ ಒರೆಸುವುದು ಅನಿವಾರ್ಯವೂ ಆಗಿತ್ತು.

ಆಮೇಲೆ ಫಾಕ್ಸ್‌ಪ್ರೋ ಬಂತು. ಅದರಲ್ಲಿ ಅರೇ ಇತ್ತು, ಆದರೂ ಸ್ಕ್ಯಾಟರ್ ಮೆಮ್‌ವಾರ್ ಎಂಬ ಆಜ್ಞೆ ಎಲ್ಲರ ಅಚ್ಚುಮೆಚ್ಚು. ಕಡತದ ಒಂದು ಸಾಲಿನಲ್ಲಿ ಎಷ್ಟು ಫೀಲ್ಡ್‌ಗಳಿವೆಯೋ ಅಷ್ಟು ವೇರಿಯಬಲ್‌ಗಳು ಅವೇ ಹೆಸರುಗಳಲ್ಲಿ ತಾವಾಗಿ ಎದ್ದು ನಿಲ್ಲುತ್ತಿದ್ದವು. ಪರದೆಯಲ್ಲಿ ತಿದ್ದಿ ಗ್ಯಾದರ್ ಎಂದರೆ ವಾಪಸ್ ಕಡತಕ್ಕೆ. ಫೀಲ್ಡ್ ಹೆಸರಿಗೆ ಹತ್ತೇ ಅಕ್ಷರಗಳ ಮಿತಿ, ಅದರಲ್ಲೇ ಸಂಸಾರ. ಆ ಕಾಲದ ಎಷ್ಟೋ ಕಚೇರಿಗಳ ಸಂಬಳ ಪಟ್ಟಿ, ಸಹಕಾರ ಸಂಘಗಳ ಸಾಲದ ಲೆಕ್ಕ ಈ ತಂತ್ರದ ಮೇಲೆಯೇ ನಡೆದಿವೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಸಂಗ್ರಹಕ್ಕೆ ಬೇರೆ ದಾರಿ ಇಲ್ಲದ ಭಾಷೆಯಲ್ಲಿ ಹೆಸರನ್ನೇ ಪೆಟ್ಟಿಗೆ ಮಾಡಿಕೊಳ್ಳಬೇಕಾಗುತ್ತದೆ. ಪೈಥಾನ್‌ನಲ್ಲಿ ಲಿಸ್ಟ್ ಇದೆ, ಡಿಕ್ಷನರಿ ಇದೆ, ಸೆಟ್ ಇದೆ. ಇಷ್ಟು ಪೆಟ್ಟಿಗೆ ಇರುವ ಕಡೆ ಆ ಹಳೆಯ ಕಸರತ್ತು ಏಕೆ ಎಂದು ನನಗೂ ಅರ್ಥವಾಗುವುದಿಲ್ಲ.

ಬಾಗಿಲು ಕಾಯುವವ:
ಅಂದವಾಗಿ ಹೇಳಿದಿರಿ, ಆದರೆ ಇದರ ಅಪಾಯಕರ ಮುಖವನ್ನು ಯಾರೂ ಎತ್ತಲಿಲ್ಲ. ವೆಬ್‌ಸೈಟ್ ಕಟ್ಟುವ ಭಾಷೆ ಪಿಎಚ್‌ಪಿಯಲ್ಲಿ ರಿಜಿಸ್ಟರ್_ಗ್ಲೋಬಲ್ಸ್ ಎಂಬ ಸೌಲಭ್ಯ ಇತ್ತು. ಬ್ರೌಸರ್‌ನಿಂದ ಏನು ಬಂದರೂ ಅದೇ ಹೆಸರಿನ ವೇರಿಯಬಲ್ ತಾನಾಗಿ ಹುಟ್ಟುತ್ತಿತ್ತು. ಫಾರ್ಮ್‌ನಲ್ಲಿ ಊರು ಎಂದಿದ್ದರೆ ಕೋಡ್‌ನಲ್ಲಿ ಊರು ಎಂಬ ವೇರಿಯಬಲ್ ಸಿದ್ಧ. ಯಾರಾದರೂ ವಿಳಾಸದ ಕೊನೆಗೆ ಅಡ್ಮಿನ್ ಸಮ 1 ಎಂದು ತಾವೇ ಸೇರಿಸಿದರೆ? ಅಡ್ಮಿನ್ ಎಂಬ ವೇರಿಯಬಲ್ಲೂ ಸಿದ್ಧ. ಆ ವೇರಿಯಬಲ್‌ಗೆ ಮೊದಲೇ ಬೆಲೆ ಕೊಡದೆ ಬಿಟ್ಟಿದ್ದ ಕೋಡ್‌ನಲ್ಲಿ ಬಂದವರೆಲ್ಲ ಯಜಮಾನರು. 2002ರಲ್ಲಿ 4.2.0 ಆವೃತ್ತಿಯಲ್ಲಿ ಇದನ್ನು ಮೊದಲಿನಿಂದಲೇ ಆಫ್ ಇರುವಂತೆ ಮಾಡಿದರು. ಪೂರ್ತಿ ಕಿತ್ತುಹಾಕಿದ್ದು 2012ರ 5.4ರಲ್ಲಿ. ಕೆಟ್ಟದ್ದೆಂದು ಒಪ್ಪಿಕೊಂಡ ಮೇಲೂ ತೆಗೆಯಲು ಹತ್ತು ವರ್ಷ! ಅದನ್ನೇ ನಂಬಿ ಬರೆದ ಕೋಡ್ ಅಷ್ಟೊಂದು ಇತ್ತು.

ತುಂಗಾತೀರ ಅವರ ಕೋಡ್‌ನಲ್ಲಿಯೂ ಇದೇ ಬಾಗಿಲು ತೆರೆದಿದೆ. ಕಡತದ ಹೆಸರನ್ನು ಎಕ್ಸೆಕ್‌ಗೆ ಕೊಟ್ಟರೆ ಅದು ಹೆಸರಾಗಿ ಉಳಿಯುವುದಿಲ್ಲ, ಆಜ್ಞೆಯಾಗುತ್ತದೆ. ಇಂದು ಕಡತಗಳು ನಿಮ್ಮವೇ. ನಾಳೆ ಯಾರೋ ಇಮೇಲ್‌ನಲ್ಲಿ ಕಳಿಸಿದ ಜಿಪ್ ಬಿಚ್ಚಿ ಇದೇ ಲೂಪ್‌ಗೆ ಹಾಕುತ್ತೀರಿ. ಅದರಲ್ಲಿ ಒಂದು ಕಡತದ ಹೆಸರೇ ಅರ್ಧವಿರಾಮ ಹಾಕಿ ಮುಂದುವರಿದ ಪೈಥಾನ್ ವಾಕ್ಯವಾಗಿದ್ದರೆ ಅದೂ ಓಡುತ್ತದೆ.

ನೋಟ್‌ಬುಕ್ಕಿಗ:
ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ಎದುರು ಮಾತು. ಕೋಡನ್ನು ತುಂಡು ತುಂಡಾಗಿ ಓಡಿಸುವ ಜುಪಿಟರ್ ನೋಟ್‌ಬುಕ್‌ನಲ್ಲಿ ಒಬ್ಬನೇ ಕುಳಿತು ದತ್ತಾಂಶವನ್ನು ತಡಕಾಡುವಾಗ ನಾನು ಫಂಕ್ಷನ್ ಹೊರಗಿನ ವೇರಿಯಬಲ್‌ಗಳಿರುವ ಗ್ಲೋಬಲ್ಸ್ ಕೋಷ್ಟಕಕ್ಕೆ ಹೆಸರು ಸೇರಿಸುತ್ತೇನೆ, ಮುಂದೆಯೂ ಸೇರಿಸುತ್ತೇನೆ. ಆವರಣ, ಉದ್ಧರಣ ಚಿಹ್ನೆ ಎಲ್ಲ ಒತ್ತುವ ಬದಲು ಆಗುಂಬೆಯ ಮೊದಲ ಎರಡಕ್ಷರ ಒತ್ತಿ ಟ್ಯಾಬ್ ಹಾಕಿದರೆ ಪೂರ್ತಿ ಆಗುತ್ತದೆ. ಆ ನೋಟ್‌ಬುಕ್ ಸಂಜೆಗೆ ಕಸದ ಬುಟ್ಟಿಗೆ. ಅಲ್ಲಿ ಶಾಸ್ತ್ರ ಏಕೆ?

ಇನ್ನು, ನೀವೆಲ್ಲ ದಿನವೂ ಬಳಸುವ ಪೈಥಾನ್‌ನ ಸ್ವಂತ ಲೈಬ್ರರಿಯೇ ಇದನ್ನು ಮಾಡುತ್ತದೆ. ದತ್ತಾಂಶ ಇಡುವ ಡೇಟಾಕ್ಲಾಸ್ ಒಂದನ್ನು ಬರೆದಾಗ ಅದರ ಆರಂಭದ ಬೆಲೆ ತುಂಬುವ ಇನಿಟ್ ಮೆಥಡ್ ಅನ್ನು ಅಕ್ಷರಗಳಲ್ಲಿ ಕಟ್ಟಿ ಎಕ್ಸೆಕ್‌ನಿಂದಲೇ ಹುಟ್ಟಿಸುತ್ತಾರೆ. ನೆಟ್‌ವರ್ಕ್ ಸಂಪರ್ಕದ ಸಾಕೆಟ್ ಮಾಡ್ಯೂಲ್ ತೆರೆದು ನೋಡಿ: ಆಪರೇಟಿಂಗ್ ಸಿಸ್ಟಂನಿಂದ ಬಂದ ಎಎಫ್_ ಎಂದು ಶುರುವಾಗುವ ಸ್ಥಿರಾಂಕಗಳನ್ನೆಲ್ಲ ಹುಡುಕಿ, ಈನಂ (ಹೆಸರಿಟ್ಟ ಸ್ಥಿರಾಂಕಗಳ ಗುಂಪು) ಆಗಿ ಬದಲಿಸಿ, ಮಾಡ್ಯೂಲ್‌ನ ಗ್ಲೋಬಲ್ಸ್‌ಗೆ ತುಂಬುತ್ತಾರೆ. ಅವರು ಮಾಡಿದರೆ ಜಾಣತನ, ನಾವು ಮಾಡಿದರೆ ಗೀಳು?

ಬೈಟ್‌ಕೋಡ್ ಓದುಗ:
ಸಾಕೆಟ್ ಉದಾಹರಣೆ ಒಳ್ಳೆಯದು, ಅದಕ್ಕೇ ಉತ್ತರಿಸುತ್ತೇನೆ. ಆ ಹೆಸರುಗಳು ಯಾರಿಗಾಗಿ ಹುಟ್ಟುತ್ತಿವೆ ನೋಡಿ. ಆ ಮಾಡ್ಯೂಲ್ ಬಳಸುವ ಸಾವಿರಾರು ಜನ ತಮ್ಮ ಕೋಡ್‌ನಲ್ಲಿ ಆ ಹೆಸರನ್ನು ಕೈಯಾರೆ ಬರೆಯುತ್ತಾರೆ. ಯಾವ ಹೆಸರು ಇರುತ್ತದೆ ಎಂದು ದಾಖಲೆಯಲ್ಲಿ ಮುದ್ರಿಸಲಾಗಿದೆ. ಹೋಬಳಿ ಲೂಪ್‌ನಲ್ಲಿ ಹಾಗಲ್ಲ. ಹುಟ್ಟಿದ ಹೆಸರನ್ನು ಬಳಸಲು ಇನ್ನೊಂದು ಲೂಪ್‌ನಲ್ಲಿ ಮತ್ತೆ ಅದೇ ಹೆಸರನ್ನು ಕಟ್ಟಬೇಕು. ಕೋಡ್‌ನಲ್ಲಿ ಎಲ್ಲಿಯೂ ಯಾರೂ ಬರೆಯದ ಹೆಸರಿನಿಂದ ಯಾರಿಗೆ ಉಪಯೋಗ?

ನೋಟ್‌ಬುಕ್ ಬಗ್ಗೆ ನನ್ನ ತಕರಾರಿಲ್ಲ. ಸಂಜೆಗೆ ನಿಜವಾಗಿಯೂ ಕಸದ ಬುಟ್ಟಿಗೆ ಹೋಗುವುದಾದರೆ.

ನೋಟ್‌ಬುಕ್ಕಿಗ:
ಹೋಗುವುದಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಚುಕ್ಕಿ ಹಾಕಿ ಬರೆಯುವ ಸುಖ ಬೇಕಾದವರು ಸಿಂಪಲ್‌ನೇಮ್‌ಸ್ಪೇಸ್ ನೋಡಿ. ಸೆಟ್‌ಆಟರ್‌ನಿಂದ ತುಂಬಿ ಮಳೆ.ಆಗುಂಬೆ ಎಂದು ಓದಬಹುದು, ಗ್ಲೋಬಲ್ಸ್ ಕೊಳೆಯಾಗುವುದಿಲ್ಲ.

ಒತ್ತಕ್ಷರ:
ಚರ್ಚೆ ಪೂರ್ತಿ ಕನ್ನಡ ಹೆಸರುಗಳಲ್ಲಿ ನಡೆಯುತ್ತಿರುವುದರಿಂದ ಇಂಗ್ಲಿಷ್ ವೇದಿಕೆಗಳಲ್ಲಿ ಸಿಗದ ಕೆಲವು ವಿಷಯ ಸೇರಿಸುತ್ತೇನೆ. ಹೆಸರು ಕಟ್ಟುವವರು ಇಲ್ಲಿ ಖಂಡಿತ ಎಡವುತ್ತಾರೆ.

2008ರ ಡಿಸೆಂಬರಿನಲ್ಲಿ ಬಂದ 3.0ಯಿಂದ ಪೈಥಾನ್ ಕನ್ನಡದ ವೇರಿಯಬಲ್ ಹೆಸರುಗಳನ್ನು ಒಪ್ಪುತ್ತದೆ. ಆದರೆ ಜೂನ್‌ಮಳೆ ಎಂದು ಹೆಸರಿಟ್ಟು ನೋಡಿ, ಸಿಂಟ್ಯಾಕ್ಸ್ ಎರರ್. ನ್ ಆದ ಮೇಲೆ ಮ ಒತ್ತಾಗದಿರಲಿ ಎಂದು ನಾವು ನಡುವೆ ಹಾಕುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಅಕ್ಷರವನ್ನು ಪೈಥಾನ್ ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಜೂನ್_ಮಳೆ ಎಂದರೆ ಆಗುತ್ತದೆ. ಜಾವಾಸ್ಕ್ರಿಪ್ಟ್ 2009ರ ಐದನೆಯ ಆವೃತ್ತಿಯಿಂದಲೇ ಆ ಅಕ್ಷರವನ್ನು ಒಪ್ಪುತ್ತದೆ.

ತಮಾಷೆ ಏನೆಂದರೆ ಗ್ಲೋಬಲ್ಸ್ ಕೋಷ್ಟಕಕ್ಕೆ ನೇರವಾಗಿ ಹಾಕಿದರೆ ಪೈಥಾನ್ ಏನನ್ನೂ ಪರೀಕ್ಷಿಸುವುದಿಲ್ಲ. ಜೂನ್‌ಮಳೆಯೂ ಕೂರುತ್ತದೆ, ನಡುವೆ ಖಾಲಿ ಜಾಗ ಇರುವ ಸಾಗರ ಕಸಬಾ ಎಂಬುದೂ ಕೂರುತ್ತದೆ. ಕೋಷ್ಟಕದಲ್ಲಿ ವೇರಿಯಬಲ್ ಇದೆ, ಆದರೆ ಅದರ ಹೆಸರನ್ನು ಕೋಡ್‌ನಲ್ಲಿ ಬರೆಯಲು ಯಾರಿಂದಲೂ ಸಾಧ್ಯವಿಲ್ಲ.

ಅಂಕಿಗಳದು ಇನ್ನೊಂದು ಕಥೆ. ಮಳೆ_1 ಮತ್ತು ಮಳೆ_೧ ಎರಡೂ ಸರಿಯಾದ ಹೆಸರುಗಳು, ಆದರೆ ಬೇರೆ ಬೇರೆ ವೇರಿಯಬಲ್‌ಗಳು. ಕಡತದೊಳಗಿನ ೧೨.೫ ಎಂಬ ಅಕ್ಷರಗಳನ್ನು ದಶಮಾಂಶ ಸಂಖ್ಯೆ ಮಾಡುವ ಫ್ಲೋಟ್‌ಗೆ ಕೊಟ್ಟರೆ 12.5 ಎಂದು ಸರಿಯಾಗಿ ಓದುತ್ತದೆ. ಅದೇ ೧೨.೫ ಅನ್ನು ಕೋಡ್‌ನಲ್ಲಿ ನೇರವಾಗಿ ಸಂಖ್ಯೆಯಾಗಿ ಬರೆದರೆ ದೋಷ.

ಎಲ್ಲಕ್ಕಿಂತ ಕಾಡುವುದು ಓ ಸ್ವರದ ಚಿಹ್ನೆ. ಹೋಬಳಿ ಎಂಬಲ್ಲಿನ ಹೋ ಅನ್ನು ಯೂನಿಕೋಡ್‌ನಲ್ಲಿ ಹ ಜೊತೆ ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಇಡಬಹುದು. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಕಡತದ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ಕೋಡ್‌ನಲ್ಲಿ ಬರೆದ ವೇರಿಯಬಲ್ ಹೆಸರನ್ನು ಪೈಥಾನ್ ಕೂಡಿಸಿಕೊಂಡು ಒಂದೇ ರೂಪಕ್ಕೆ ತರುತ್ತದೆ. ಗ್ಲೋಬಲ್ಸ್‌ಗೆ ನೀವು ಸ್ಟ್ರಿಂಗ್ ಆಗಿ ಹಾಕಿದ್ದನ್ನು ತರುವುದಿಲ್ಲ. ಹಾಗಾಗಿ ಹೆಸರು ಕಣ್ಣೆದುರೇ ಇದ್ದರೂ ನೇಮ್‌ಎರರ್ ಬರಬಹುದು.

ರಾತ್ರಿಪಾಳಿ:
ಅದಕ್ಕೇ ಡಿಕ್ಷನರಿ.

ಒತ್ತಕ್ಷರ:
ಇಲ್ಲ, ಇದೊಂದರಲ್ಲಿ ಡಿಕ್ಷನರಿಯೂ ಕಾಪಾಡುವುದಿಲ್ಲ. ಡಿಕ್ಷನರಿಯ ಕೀ ಕೂಡ ಬರಿಯ ಸ್ಟ್ರಿಂಗ್. ಕೂಡಿಸಿದ ಸೊರಬ, ಬಿಡಿಸಿದ ಸೊರಬ ಎರಡು ಬೇರೆ ಕೀಗಳೇ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ (ಕೂಡಿಸಿದ ರೂಪ) ಎಂದು ಹೇಳಿ, ಪ್ರತಿ ಫೋಲ್ಡರ್ ಹೆಸರನ್ನೂ ಕಡತದ ಹೆಸರನ್ನೂ ಅದರ ಮೂಲಕ ಹಾಯಿಸಿ ಆಮೇಲೆ ಕೀ ಮಾಡಿ. ಕೀ ಆದರೆ ಇದನ್ನು ಒಂದೇ ಕಡೆ ಮಾಡಿದರೆ ಸಾಕು, ಅಷ್ಟು ಅನುಕೂಲ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ತಾಲ್ಲೂಕು, ಹೋಬಳಿ ಸೇರಿದ ಟ್ಯೂಪಲ್ ಅನ್ನೇ ಕೀ ಮಾಡಿದೆ, ಹೆಸರುಗಳನ್ನು ನಾರ್ಮಲೈಸ್ ಮಾಡಿದೆ, ಎಕ್ಸೆಕ್ ತೆಗೆದೆ. ಈಗ ಕಡತಗಳ ಸಂಖ್ಯೆಗೂ ಕೀಗಳ ಸಂಖ್ಯೆಗೂ ತಾಳೆಯಾಗುತ್ತಿದೆ. ಪ್ರತಿ ಸಲ ಖಾಲಿ ಪಟ್ಟಿ ಇದೆಯೇ ಎಂದು ನೋಡುವ ಗೋಜು ಬೇಡವೆಂದು ಡಿಫಾಲ್ಟ್‌ಡಿಕ್ಟ್ ಬಳಸಿದೆ. ಆದರೆ ಗ್ರಾಫ್ ಬರೆಸಿದ ಮೇಲೆ ಎಣಿಸಿದರೆ ಕೀ ಒಂದು ಹೆಚ್ಚಾಗಿದೆ. ಮೊದಲು ಮೂರು ಕಡಿಮೆ, ಈಗ ಒಂದು ಜಾಸ್ತಿ!

ಅಂಕಿಅಂಶ:
ಗ್ರಾಫ್ ಭಾಗದಲ್ಲಿ ಯಾವುದೋ ಹೆಸರಿನ ಕಾಗುಣಿತ ಬೇರೆ ಇರಬೇಕು. ಡಿಫಾಲ್ಟ್‌ಡಿಕ್ಟ್‌ನಲ್ಲಿ ಇಲ್ಲದ ಕೀಯನ್ನು ಆವರಣ ಹಾಕಿ ಓದಿದರೂ ಸಾಕು, ಅದು ಖಾಲಿ ಪಟ್ಟಿಯೊಂದಿಗೆ ಹುಟ್ಟಿಬಿಡುತ್ತದೆ. ಕೀಗಳನ್ನು ಮುದ್ರಿಸಿ ನೋಡಿ.

ತುಂಗಾತೀರ:
ಸಿಕ್ಕಿತು. ಒಂದು ಕಡೆ ತಾಳಗುಪ್ಪ, ಇನ್ನೊಂದು ಕಡೆ ತಾಳಗುಪ್ಪಾ.

ಅಂಕಿಅಂಶ:
ಕಡತಗಳನ್ನು ಓದಿ ಮುಗಿದ ಕೂಡಲೇ ಅದನ್ನು ಸಾಧಾರಣ ಡಿಕ್ಟ್ ಆಗಿ ಬದಲಿಸಿಕೊಳ್ಳಿ, ಒಂದೇ ಸಾಲಿನ ಕೆಲಸ. ಮುಂದೆ ಕಾಗುಣಿತ ತಪ್ಪಿದರೆ ಆ ಸಾಲಿನಲ್ಲೇ ಕೀಎರರ್ ಬರುತ್ತದೆ, ಯಾವ ಹೆಸರು ಎಂಬುದನ್ನೂ ಅದೇ ಹೇಳುತ್ತದೆ.